ನಮ್ಮ ಮನೆ ಹಿಂದಿನ ಕನ್ಸರ್ವೆನ್ಸಿ

ಸೋಮವಾರ ಸಂಜೆ ನಮ್ಮ ಟೀಮಿನ ಕಾಲ್ ಇರತ್ತೆ. ಅಮೆರಿಕದ ಕಡೆಯವರಿಗೆ ಅದು ಬೆಳಗಿನ ಕಾಲ್. ಕೆಲಸದ ಮಾತು ಶುರುವಾಗೋ ಮುಂಚೆ ಐದು ನಿಮಿಷ "ವೀಕೆಂಡ್ ಹೇಗಿತ್ತು?" ಅಂತ ಒಬ್ಬರನ್ನೊಬ್ಬರು ಕೇಳೋದು ಒಂದು ಶಾಸ್ತ್ರ. ಮೊನ್ನೆ ಅಲ್ಲಿಯ ಒಬ್ಬ ಸಹೋದ್ಯೋಗಿ, ವಯಸ್ಸಿನಲ್ಲಿ ನಮ್ಮಮ್ಮನಷ್ಟಿರೋರು, ಬಹಳ ಉತ್ಸಾಹದಿಂದ ಹೇಳಿದ್ರು: "ಶನಿವಾರ ಪೂರ್ತಿ ಕನ್ಸರ್ವೆನ್ಸಿಯಲ್ಲೇ ಇದ್ದೆ. ಮೊಣಕೈವರೆಗೂ ಕೆಸರು! ಆದ್ರೆ ಎಷ್ಟು ಖುಷಿಯಾಯ್ತು ಗೊತ್ತಾ?"

ನಾನು ಯೋಚನೆಯನ್ನೇ ಮಾಡದೆ ಕೇಳಿಬಿಟ್ಟೆ. "ಅಯ್ಯೋ, ನಿಮ್ಮಲ್ಲೂ ಬ್ಲಾಕ್ ಆಗಿತ್ತಾ?"

ಆ ಕಡೆ ಒಂದು ಕ್ಷಣ ಮೌನ.. "ಏನು ಬ್ಲಾಕ್?" ಅಂದ್ರು. ಆಮೇಲೆ ಅವರೇ ವಿವರಿಸಿದ್ರು. ಅವರ ಊರಿನ ಹತ್ರ ಒಂದು ಜೌಗು ಪ್ರದೇಶ ಇದೆಯಂತೆ, ಅದನ್ನ ಯಾರೋ ಕಟ್ಟಡ ಕಟ್ಟದ ಹಾಗೆ ಒಂದು ಸಂಸ್ಥೆ ಕೊಂಡು ಕಾಪಾಡ್ತಿದೆಯಂತೆ, ಅಲ್ಲಿ ಕಳೆ ಕೀಳೋದಕ್ಕೆ ಊರವರು ಸ್ವಯಂಸೇವಕರಾಗಿ ಹೋಗ್ತಾರಂತೆ. ಬಾತುಕೋಳಿಗಳ ಫೋಟೋ ಬೇರೆ ತೋರಿಸಿದ್ರು. ನಾನು "ವಾವ್" ಅಂತ ಹೇಳಿ ಮೈಕ್ ಮ್ಯೂಟ್ ಮಾಡ್ಕೊಂಡೆ.

ಯಾಕಂದ್ರೆ ಅದೇ ಶನಿವಾರ ನಾನೂ ಬೆಳಗಿಂದ ಸಂಜೆವರೆಗೆ ಕನ್ಸರ್ವೆನ್ಸಿಯಲ್ಲೇ ಇದ್ದೆ. ಮೈಸೂರಿನಲ್ಲಿ, ನಮ್ಮ ಮನೆ ಹಿಂದೆ. ಬಾತುಕೋಳಿ ಇರಲಿಲ್ಲ. ಖುಷಿಯೂ ಇರಲಿಲ್ಲ.

ಮೈಸೂರಿನವರಿಗೆ, ಹಾಗೇ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯ ಹಳಬರಿಗೆ ಕನ್ಸರ್ವೆನ್ಸಿ ಅಂದ್ರೇನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೋಸ್ಕರ ಸ್ವಲ್ಪ ಹೇಳ್ತೀನಿ. ಎರಡು ಸಾಲು ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರ್ತವೆ ಅಂದ್ಕೊಳ್ಳಿ. ಒಂದು ಸಾಲಿನ ಮುಖ ಈ ರಸ್ತೆಗೆ, ಇನ್ನೊಂದರ ಮುಖ ಆ ರಸ್ತೆಗೆ. ಎರಡರ ಹಿತ್ತಿಲುಗಳ ನಡುವೆ ಎಂಟೋ ಹತ್ತೋ ಅಡಿ ಅಗಲದ ಒಂದು ಓಣಿ. ಅದೇ ಕನ್ಸರ್ವೆನ್ಸಿ. ಅದಕ್ಕೆ ಯಾವ ಮನೆಯೂ ಮುಖ ಮಾಡಲ್ಲ. ಅದಕ್ಕೆ ಹೆಸರಿಲ್ಲ, ಬೋರ್ಡಿಲ್ಲ, ಪೋಸ್ಟ್‌ಮ್ಯಾನ್ ಬರಲ್ಲ. ಬಚ್ಚಲ ನೀರು ಅಲ್ಲಿಗೆ ಹೋಗತ್ತೆ, ಈಗ ಯುಜಿಡಿ ಪೈಪೂ ಅಲ್ಲೇ. ಜೊತೆಗೆ ಮುರಿದ ಕುರ್ಚಿ, ಹಳೇ ಕಮೋಡು, ಮನೆ ಕಟ್ಟಿ ಉಳಿದ ಮರಳು, ಮರಿ ಹಾಕಿದ ಬೆಕ್ಕು.

ನಮ್ಮ ಬೀದಿಯಲ್ಲಿ ಈ ಪದಕ್ಕೆ ಕನ್ನಡದ ಪದ ಇದೆ ಅಂತ ಯಾರಿಗೂ ಅನ್ನಿಸಿದ್ದೇ ಇಲ್ಲ, ಯಾಕಂದ್ರೆ ಅದು ಇಂಗ್ಲಿಷ್ ಅಂತಾನೇ ಯಾರಿಗೂ ಅನ್ನಿಸಿರಲಿಲ್ಲ. ಇಂಗ್ಲಿಷ್ ಒಂದಕ್ಷರ ಬಾರದ ನಮ್ಮಜ್ಜಿ "ಕನ್ಸರ್ವೆನ್ಸಿ ಬಾಗಿಲು ಹಾಕ್ದೇನೋ?" ಅಂತ ಸರಾಗವಾಗಿ ಕೇಳ್ತಾರೆ. ಹೂವಿನವಳ ಬಾಯಲ್ಲಿ ಅದು ಕಂಜರ್ವೆನ್ಸಿ. ನಾವು ಹುಡುಗರು ಇನ್ನೂ ಚಿಕ್ಕದು ಮಾಡಿ "ಕನ್ಸಿ" ಮಾಡಿದ್ವಿ. "ಕನ್ಸಿಗೆ ಹೋದ್ರೆ ಔಟ್" ಅನ್ನೋದು ನಮ್ಮ ಕ್ರಿಕೆಟ್ಟಿನ ಮೊದಲ ನಿಯಮ. ನಮ್ಮ ಚಿಕ್ಕಪ್ಪ ಒಬ್ಬರ ಸ್ನೇಹಿತರು ಅರಣ್ಯ ಇಲಾಖೆಯಲ್ಲಿ ಕನ್ಸರ್ವೇಟರ್ ಆಗಿದ್ರು. ಅವರು ಮನೆಗೆ ಬಂದಾಗೆಲ್ಲ ನಾನು ಅವರ ಬೂಟಿನ ಕಡೆ ನೋಡ್ತಿದ್ದೆ. ಇಷ್ಟು ದೊಡ್ಡ ಮನುಷ್ಯ, ಜೀಪ್ ಬೇರೆ ಇದೆ, ಪಾಪ ಯಾವ ಓಣಿ ನೋಡ್ಕೋತಾರೋ ಅಂತ :-)

ಆ ಕಾಲ್ ಮುಗಿದ ಮೇಲೆ ಕೋಡ್ ಮುಂದೆ ಕೂರೋಕೆ ಮನಸ್ಸಾಗಲಿಲ್ಲ. ಅವರ ಕನ್ಸರ್ವೆನ್ಸಿಗೂ ನಮ್ಮ ಕನ್ಸರ್ವೆನ್ಸಿಗೂ ಏನು ಸಂಬಂಧ ಅಂತ ಹುಡುಕ್ತಾ ಕೂತೆ. ಜಿ. ವೆಂಕಟಸುಬ್ಬಯ್ಯನವರು ಇದ್ದು 'ಇಗೋ ಕನ್ನಡ' ಇನ್ನೂ ಬರ್ತಾ ಇದ್ದಿದ್ರೆ ಒಂದು ಕಾರ್ಡ್ ಹಾಕಿಬಿಡ್ತಿದ್ದೆ. ಅವರು 2021ರಲ್ಲಿ ಹೋಗಿಬಿಟ್ರು.

ಮೂಲ ಲ್ಯಾಟಿನ್. ಕಾಪಾಡು, ಉಳಿಸಿಕೋ ಅನ್ನೋ ಅರ್ಥದ ಕ್ರಿಯಾಪದ. ಅಂದ್ರೆ ನಮ್ಮ ಚಿಕ್ಕಪ್ಪನ ಸ್ನೇಹಿತರ ಪದವೂ, ಬಾತುಕೋಳಿ ಪದವೂ, ನಮ್ಮ ಓಣಿಯ ಪದವೂ ಒಂದೇ ತಾಯಿಯ ಮಕ್ಕಳು. ಅರಣ್ಯ ಇಲಾಖೆಯವರು ಕನ್ನಡದಲ್ಲಿ 'ಸಂರಕ್ಷಣಾಧಿಕಾರಿ' ಅಂತ ಮಾಡ್ಕೊಂಡ್ರಲ್ಲ, ಅದೇ ಲೆಕ್ಕದಲ್ಲಿ ನಮ್ಮ ಮನೆ ಹಿಂದಿರೋದು 'ಸಂರಕ್ಷಣಾ ಓಣಿ' ಆಗಬೇಕಿತ್ತು! ಇಂಗ್ಲೆಂಡಿನಲ್ಲಿ ಈ ಪದ ಮೊದಲು ಹೆಚ್ಚಾಗಿ ಅಂಟಿಕೊಂಡಿದ್ದು ನದಿಗೆ. ಲಂಡನ್ನಿನ ಥೇಮ್ಸ್ ನದಿಯ ಮೇಲ್ವಿಚಾರಣೆಗೆ ಅಂತ 1857ರಲ್ಲಿ ಕಾಯ್ದೆ ಮಾಡಿ 'ಥೇಮ್ಸ್ ಕನ್ಸರ್ವೆನ್ಸಿ' ಅನ್ನೋ ಮಂಡಳಿ ಮಾಡಿದ್ರು. ದೋಣಿ ಓಡೋದಕ್ಕೆ ದಾರಿ ಸರಿಯಾಗಿರಬೇಕು, ಹೂಳು ತುಂಬಬಾರದು, ನದಿ ಒತ್ತುವರಿ ಆಗಬಾರದು, ಇದೆಲ್ಲ ಅವರ ಕೆಲಸ.

ಅದಕ್ಕೆ ಒಂದು ವರ್ಷ ಮುಂಚೇನೇ, 1856ರಲ್ಲಿ, ಕಂಪನಿ ಸರ್ಕಾರ ಇಲ್ಲಿ ಒಂದು ಕಾಯ್ದೆ ಮಾಡಿತ್ತು. ಕಲ್ಕತ್ತ, ಮದರಾಸು, ಬೊಂಬಾಯಿ ಪಟ್ಟಣಗಳ 'ಕನ್ಸರ್ವೆನ್ಸಿ ಮತ್ತು ಸುಧಾರಣೆ'ಗಾಗಿ, ಆ ವರ್ಷದ 14ನೇ ಕಾಯ್ದೆ. ಆಗ ಕಲ್ಕತ್ತದ ಆಡಳಿತಕ್ಕೇ ಸೇರಿದ್ದ ಪಿನಾಂಗ್, ಸಿಂಗಪುರ, ಮಲಕ್ಕಾ ಕೂಡ ಅದರಲ್ಲೇ ಇದ್ವು. ಇಲ್ಲಿ ಕಾಪಾಡಬೇಕಾಗಿದ್ದು ನದಿಯನ್ನಲ್ಲ, ಊರನ್ನ. ಯಾವುದರಿಂದ? ಊರಿನ ಕಸದಿಂದ, ಚರಂಡಿಯಿಂದ, ಮಲದಿಂದ. ಹೀಗೆ ನಮ್ಮ ಕಡೆ ಪುರಸಭೆಗಳ ಭಾಷೆಯಲ್ಲಿ ಕನ್ಸರ್ವೆನ್ಸಿ ಅಂದ್ರೆ ಗುಡಿಸೋದು, ಬಾಚೋದು, ಹೊರೋದು ಅಂತಾಯ್ತು. ಚೆನ್ನೈ ಪೇಪರುಗಳಲ್ಲಿ ಪೌರಕಾರ್ಮಿಕರನ್ನ 'ಕನ್ಸರ್ವೆನ್ಸಿ ವರ್ಕರ್ಸ್' ಅಂತಾರೆ. ಸಿಂಗಪುರದಲ್ಲಿರೋ ನನ್ನ ಗೆಳೆಯನ ಫ್ಲ್ಯಾಟಿಗೆ ತಿಂಗಳು ತಿಂಗಳು 'ಸರ್ವೀಸ್ ಅಂಡ್ ಕನ್ಸರ್ವೆನ್ಸಿ ಚಾರ್ಜಸ್' ಅಂತ ಬಿಲ್ ಬರತ್ತೆ, ಮೆಟ್ಟಿಲು ಗುಡಿಸೋದಕ್ಕೆ, ಲಿಫ್ಟಿಗೆ, ಕಾರಿಡಾರಿನ ದೀಪಕ್ಕೆ. ಅಮೆರಿಕದಲ್ಲಿ ಮಾತ್ರ ಪದ ಬೇರೆ ದಾರಿ ಹಿಡೀತು. 1951ರಲ್ಲಿ ಶುರುವಾದ 'ನೇಚರ್ ಕನ್ಸರ್ವೆನ್ಸಿ', 1980ರಲ್ಲಿ ನ್ಯೂಯಾರ್ಕಿನ ಪಾರ್ಕ್ ನೋಡ್ಕೊಳ್ಳೋಕೆ ಶುರುವಾದ 'ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ'.. ಅಲ್ಲಿ ಆ ಪದ ಕೇಳಿದ್ರೆ ಮರ, ಹಕ್ಕಿ ನೆನಪಾಗತ್ತೆ.

ಮೈಸೂರಿಗೆ, ಬೆಂಗಳೂರಿಗೆ ಈ ಓಣಿಗಳು ಬಂದಿದ್ದರಲ್ಲಿ ಪ್ಲೇಗಿನ ಪಾಲು ದೊಡ್ಡದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಮೈಸೂರಿಗೂ ಬಂತು. ಇಕ್ಕಟ್ಟಾದ ಪೇಟೆ ಬಿಟ್ಟು ಗಾಳಿ ಬೆಳಕು ಇರೋ ಹೊಸ ಬಡಾವಣೆ ಮಾಡಬೇಕು ಅಂತ ಆಗ ಅವಸರ ಹುಟ್ಟಿತು. ಮಲ್ಲೇಶ್ವರ, ಬಸವನಗುಡಿ ಬೆಳೆದಿದ್ದು ಹಾಗೆ. ಮೈಸೂರಿನಲ್ಲಿ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯ್ತು. ನೇರ ರಸ್ತೆಗಳು, ಅಳತೆಯ ಸೈಟುಗಳು, ಹಿಂದೆ ಕನ್ಸರ್ವೆನ್ಸಿ. ಪ್ಲಾನ್ ನೋಡಿದ್ರೆ ನನ್ನಂಥ ಇಂಜಿನಿಯರಿಗೆ ಕೈ ಮುಗಿಯೋಣ ಅನ್ನಿಸತ್ತೆ. ಮುಂದಿನ ಬಾಗಿಲಿನ ವ್ಯವಹಾರ ಬೇರೆ, ಹಿಂದಿನ ಬಾಗಿಲಿನದು ಬೇರೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕಂದ್ರೆ ಎರಡು ಬೇರೆ ಬೇರೆ ಪೋರ್ಟು.

ಆದ್ರೆ ಆ ಹಿಂದಿನ ಪೋರ್ಟಿಗೆ ಯಾರು ಬರ್ತಿದ್ರು?

ಅಜ್ಜಿಗೆ ಈಗ 84. ಈ ಮನೆಗೆ ಸೊಸೆಯಾಗಿ ಬಂದಾಗ ಹತ್ತೊಂಬತ್ತು. ಆಗ ಕಕ್ಕಸು ಹಿತ್ತಿಲ ತುದಿಯಲ್ಲಿತ್ತಂತೆ, ಕನ್ಸರ್ವೆನ್ಸಿಗೆ ಬೆನ್ನು ಹಾಕ್ಕೊಂಡು. ಗೋಡೆಯ ಬುಡದಲ್ಲಿ, ಓಣಿಯ ಕಡೆಗೆ ಒಂದು ಪುಟ್ಟ ತಗಡಿನ ಬಾಗಿಲು. ಬೆಳಕು ಹರಿಯೋ ಮುಂಚೆ ಒಬ್ಬ ಹೆಂಗಸು ಬಂದು ಆ ತಗಡು ಎತ್ತಿ, ಒಳಗಿನ ಡಬ್ಬ ಎಳೆದು, ತನ್ನ ಬುಟ್ಟಿಗೆ ಸುರಕೊಂಡು, ಬೂದಿ ಹಾಕಿ, ತಲೆ ಮೇಲೆ ಹೊತ್ಕೊಂಡು ಹೋಗ್ತಿದ್ಲು. ಇಂಗ್ಲಿಷಿನವರು ಅದಕ್ಕೂ ಒಂದು ಚಂದದ ಹೆಸರು ಇಟ್ಟಿದ್ದಾರೆ ನೋಡಿ, 'ನೈಟ್ ಸಾಯಿಲ್'. ರಾತ್ರಿಯ ಮಣ್ಣು! ಅಜ್ಜಿ ಆ ಹೆಂಗಸನ್ನ ಕರೆಯೋದಕ್ಕೆ ಬಳಸೋ ಪದ ಬೇರೆ ಇದೆ. ಅದನ್ನ ಇಲ್ಲಿ ಬರೆಯೋಲ್ಲ.

"ಅವಳ ಹೆಸರೇನಜ್ಜಿ?" ಅಂತ ಒಂದ್ಸಲ ಕೇಳಿದ್ದೆ.

ಅಜ್ಜಿ ತುಂಬ ಹೊತ್ತು ಯೋಚಿಸಿದ್ರು. ಅವರಿಗೆ 1962ರಲ್ಲಿ ಅಕ್ಕಿ ಎಷ್ಟಿತ್ತು ಅಂತ ನೆನಪಿರತ್ತೆ. ನಮ್ಮ ಅತ್ತೆಯ ನಾಮಕರಣಕ್ಕೆ ಯಾರ್ಯಾರು ಏನೇನು ಉಡುಗೊರೆ ಕೊಟ್ರು ಅಂತ ನೆನಪಿರತ್ತೆ. "ಹಬ್ಬಕ್ಕೆ ಹೋಳಿಗೆ ಇಸ್ಕೊಂಡು ಹೋಗೋಳು. ಬಸುರಿ ಇದ್ದಾಗ್ಲೂ ಬರೋಳು ಪಾಪ. ಹೆಸರು.. ಯಾರು ಕೇಳ್ತಿದ್ರೋ" ಅಂದ್ರು. ಹೋಳಿಗೆಯನ್ನ ಹಿತ್ತಿಲ ಗೋಡೆ ಮೇಲೆ ಇಡ್ತಿದ್ರಂತೆ, ಎಲೆಯಲ್ಲಿ. ನೀರು ಕುಡಿಯೋಕೆ ಅವಳಿಗೇ ಅಂತ ಒಂದು ಲೋಟ, ಹಿತ್ತಿಲ ಗೂಡಿನಲ್ಲಿ.

ಅರವತ್ತರ ದಶಕದ ಕೊನೆಗೆ ನಮ್ಮನೆಗೆ ಫ್ಲಶ್ ಬಂತು. 1970ರ ದಶಕದ ಮೊದಲ ವರ್ಷಗಳಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ರಾಜ್ಯದಲ್ಲಿ ನಿಷೇಧಿಸಿದ್ರು. ಸಂಸತ್ತಿನ ಕಾಯ್ದೆಗೆ 1993ರವರೆಗೂ ಕಾಯಬೇಕಾಯ್ತು, ಇನ್ನೂ ಬಿಗಿಯಾದದ್ದಕ್ಕೆ 2013ರವರೆಗೆ. ನಮ್ಮ ಶಾಲೆಯ ಸಮಾಜ ವಿಜ್ಞಾನದಲ್ಲಿ ಪಾಣಿಪತ್ ಕದನಗಳು ಮೂರೂ ಇದ್ವು. ಇದ್ಯಾವುದೂ ಓದಿದ್ದು ನನಗೆ ನೆನಪಿಲ್ಲ.

ನನ್ನ ಬಾಲ್ಯದ ಕನ್ಸರ್ವೆನ್ಸಿಯಲ್ಲಿ ಬುಟ್ಟಿ ಇರಲಿಲ್ಲ, ಚರಂಡಿ ಬಾಚೋರು ಇದ್ರು. ವಾರಕ್ಕೆರಡು ಸಲ ಒಬ್ಬಾಕೆ ಬರ್ತಿದ್ರು, ರಜಾ ಇದ್ದಾಗ ಜೊತೆಗೆ ಅವರ ಮಗ. ನನ್ನ ವಯಸ್ಸೇ ಇರಬೇಕು, ಒಂಬತ್ತೋ ಹತ್ತೋ. ನಾವು ಯಾರದೋ ಹಿತ್ತಿಲಲ್ಲಿ ಆಡ್ತಾ ಬಾಲ್ ಗೋಡೆ ಆಚೆ ಹೋದ್ರೆ ಕೂಗ್ತಿದ್ವಿ, "ಏ, ಬಾಲ್ ಎಸಿ!" ಅವನು ಹುಡುಕಿ ಎಸೀತಿದ್ದ. ಒಳ್ಳೇ ಕೈ ಇತ್ತು ಅವನಿಗೆ, ಸೀದಾ ವಿಕೆಟ್ ಹತ್ರಾನೇ ಬೀಳ್ತಿತ್ತು. ಬಾಲ್ ಬಂದ ತಕ್ಷಣ ನಾವು ಅದನ್ನ ನಲ್ಲಿ ಕೆಳಗೆ ಹಿಡಿದು ತೊಳೆದೇ ಆಟ ಮುಂದುವರಿಸ್ತಿದ್ವಿ. ಚರಂಡಿಗೆ ಬಿದ್ದಿದ್ರೂ ಸರಿ, ಬೀಳದಿದ್ರೂ ಸರಿ. ಅದು ಅಜ್ಜಿಯ ನಿಯಮ. ಮುರಿಯೋದು ಅಂತ ಒಂದು ಇದೆ ಅಂತಾನೂ ನಮಗೆ ಹೊಳೆದಿರಲಿಲ್ಲ.

ಒಂದು ದಿನ ಬಾಲ್ ವಾಪಸ್ ಬರೋದು ತಡ ಆಯ್ತು. ನಾನು ಕಲ್ಲಿನ ಮೇಲೆ ಹತ್ತಿ ಗೋಡೆ ಆಚೆ ಇಣುಕಿ ನೋಡಿದೆ. ಅವನು ಓಣಿ ತುದಿಯ ಬೀದಿ ನಲ್ಲಿ ಹತ್ರ ಕೂತು ಬಾಲ್ ತೊಳೀತಿದ್ದ. ಚೆನ್ನಾಗಿ ತೊಳೆದು, ಅಂಗಿಗೆ ಒರೆಸಿ, ಆಮೇಲೆ ಎಸೆದ. ನಾವು ಹಿಡಿದು, ಮತ್ತೆ ತೊಳೆದ್ವಿ.

ಇದನ್ನ ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ.

ಈಗ ಆ ಶನಿವಾರಕ್ಕೆ ಬರ್ತೀನಿ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಂದು ಮನೆ ಬಾಗಿಲು ತೆಗೆದ್ರೆ ವಾಸನೆ. ಕಕ್ಕಸಿನ ನೀರು ಇಳೀತಿರಲಿಲ್ಲ. ಅಕ್ಕಪಕ್ಕದ ನಾಲ್ಕು ಮನೆಯಲ್ಲೂ ಅದೇ ಕಥೆ. ಬೆಳಗ್ಗೆ ಎದ್ದು ಹಿಂದೆ ಹೋಗಿ ನೋಡಿದ್ರೆ ಕನ್ಸರ್ವೆನ್ಸಿಯ ಮ್ಯಾನ್‌ಹೋಲಿನಿಂದ ಉಕ್ಕಿ ಹರೀತಿದೆ.

ಹಿಂದೆ ಹೋಗಿ ಅಂತೇನೋ ಬರೆದೆ, ಆದ್ರೆ ಹಿಂದೆ ಹೋಗೋದೇ ಒಂದು ಸಾಹಸ. ಯಾಕಂದ್ರೆ ನಮ್ಮ ಕನ್ಸರ್ವೆನ್ಸಿ ಈಗ ಓಣಿಯಾಗಿ ಉಳಿದಿಲ್ಲ. ಒಂದು ತುದಿಯ ಮೂಲೆ ಮನೆಯವರು ಕಳ್ಳರ ಕಾಟ ಅಂತ ಗೇಟ್ ಇಟ್ಟು ಬೀಗ ಹಾಕಿದ್ದಾರೆ. ಅವರು ಮಗನ ಮನೆಗೆ ಅಂತ ನ್ಯೂಜೆರ್ಸಿಗೆ ಹೋಗಿದ್ದಾರೆ, ಬೀಗದ ಕೈಯೂ ಅವರ ಜೊತೆ ವಿಮಾನ ಹತ್ತಿದೆ. ಇನ್ನೊಂದು ತುದಿಯಿಂದ ಬರ್ತಾ ಒಬ್ಬರ ಶೀಟ್ ಶೆಡ್ಡು, ಒಬ್ಬರ ಜನರೇಟರ್, ಒಬ್ಬರ ಒಗೆಯೋ ಕಲ್ಲು. ಮತ್ತೆ, ಬೇರೆಯವರ ಪಟ್ಟಿ ಹೇಳಿ ನಮ್ಮದು ಬಿಡೋದು ಸರಿಯಲ್ಲ, ನಮ್ಮ ಬಾತ್‌ರೂಮು. 2009ರಲ್ಲಿ ಅಪ್ಪ ಮನೆ ರಿಪೇರಿ ಮಾಡಿಸಿದಾಗ ಹಿತ್ತಿಲ ಗೋಡೆಯನ್ನ ಮೂರೂವರೆ ಅಡಿ ಆಚೆ ಸರಿಸಿದ್ರು. "ಎಲ್ಲರೂ ಮಾಡ್ಕೊಂಡಿದ್ದಾರೆ, ಈಗ ಯಾರು ಬರ್ತಾರೆ ಅಲ್ಲಿ?" ಅನ್ನೋದು ಆಗಿನ ವಾದ. ನನಗೆ ಆಗ ಗೀಸರ್ ಇರೋ ಹೊಸ ಬಾತ್‌ರೂಮ್ ಬಂದಿದ್ದೇ ಖುಷಿ. ಅದರ ಗೋಡೆ ಮ್ಯಾನ್‌ಹೋಲಿನ ಅಂಚಿಗೆ ಎಷ್ಟು ಹತ್ರ ಇದೆ ಅಂದ್ರೆ ಮುಚ್ಚಳ ಪೂರ್ತಿ ಸರಿಸೋಕಾಗಲ್ಲ, ಓರೆಯಾಗಿ ಎತ್ತಬೇಕು.

ಮೇಲಿನ ಬಾಡಿಗೆಯವರು ಯಾರಿಗೋ ಫೋನ್ ಮಾಡಿ, ಒಂಬತ್ತು ಗಂಟೆಗೆ ಒಬ್ಬ ಆಸಾಮಿ ಬೈಕಿನಲ್ಲಿ ಬಂದ. ಹಿಂದೆ ಇಬ್ಬರು ಹುಡುಗರು, ಒಂದು ಬಿದಿರು ಗಳ, ಒಂದು ಹಗ್ಗ, ಒಂದು ಬಕೆಟ್. ಆಸಾಮಿ ಇಣುಕಿ ನೋಡಿ, "ಗಾಡಿ ಬರಕ್ಕಾಗಲ್ಲ ಸಾರ್ ಇಲ್ಲಿ. ಇವ್ನು ಇಳೀತಾನೆ. ಎರಡು ಸಾವಿರ ಕೊಡಿ, ಅರ್ಧ ಗಂಟೇಲಿ ಕ್ಲಿಯರ್" ಅಂದ. 'ಇವ್ನು' ಅಂದಿದ್ದು ಚಿಕ್ಕ ಹುಡುಗನ್ನ. ಇಪ್ಪತ್ತು ಇರಬಹುದು. ಅವನು ಅಷ್ಟೊತ್ತಿಗಾಗ್ಲೇ ಶರ್ಟ್ ಬಿಚ್ಚಿ ಗೋಡೆ ಮೇಲೆ ಇಟ್ಟಿದ್ದ.

ನಾನು ಬೇಡ ಅಂದೆ. ಧೈರ್ಯದಿಂದ ಅಂದೆ ಅಂತ ಅಂದ್ಕೋಬೇಡಿ. ನನ್ನ ಗಂಟಲಿಂದ ಸರಿಯಾಗಿ ಸ್ವರಾನೇ ಬರಲಿಲ್ಲ. ಮ್ಯಾನ್‌ಹೋಲಿನೊಳಗೆ ಹೈಡ್ರೋಜನ್ ಸಲ್ಫೈಡ್ ಇರತ್ತೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿ ಆದ್ರೆ ಅದು ಮೊದಲು ಮೂಗನ್ನೇ ಸಾಯಿಸತ್ತೆ, ವಾಸನೆ ಹೋಯ್ತು ಅಂತ ಅಂದ್ಕೊಳ್ಳೋ ಹೊತ್ತಿಗೆ ಮನುಷ್ಯ ಬಿದ್ದಿರ್ತಾನೆ. ಅವನನ್ನ ಎತ್ತೋಕೆ ಇಳಿದವನೂ ಬೀಳ್ತಾನೆ. ಪೇಪರಲ್ಲಿ ಎರಡೆರಡು ಮೂರು ಮೂರು ಜನ ಒಟ್ಟಿಗೆ ಸತ್ತ ಸುದ್ದಿ ಬರೋದು ಅದಕ್ಕೇ. 2013ರ ಕಾಯ್ದೆ ಪ್ರಕಾರ ಹೀಗೆ ಯಾರನ್ನೂ ರಕ್ಷಣೆಯ ಸಲಕರಣೆ ಇಲ್ಲದೆ ಇಳಿಸೋ ಹಾಗಿಲ್ಲ, ಇಳಿಸಿದವರಿಗೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಸತ್ತವರ ಮನೆಯವರಿಗೆ ಹತ್ತು ಲಕ್ಷ ಕೊಡಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2023ರಲ್ಲಿ ಅದನ್ನ ಮೂವತ್ತು ಲಕ್ಷ ಮಾಡಿತು. ಸರ್ಕಾರದವರು 2020ರ ಸುಮಾರಿಗೆ 'ಮ್ಯಾನ್‌ಹೋಲ್' ಅನ್ನೋ ಪದಾನೇ ಬೇಡ, 'ಮೆಷಿನ್ ಹೋಲ್' ಅನ್ನಿ ಅಂದಿದ್ರು. ಪದ ಬದಲಾಯಿಸೋದು ನಮಗೆ ಯಾವಾಗ್ಲೂ ಸುಲಭ.

ಅಪ್ಪನಿಗೆ ಸಿಟ್ಟು ಬಂತು. "ಅವರಿಗೆ ಅಭ್ಯಾಸ ಇರತ್ತೋ. ಮನೇಲಿ ವಯಸ್ಸಾದೋರು ಇದ್ದಾರೆ, ಅಜ್ಜಿ ಎಲ್ಲಿಗೆ ಹೋಗ್ಬೇಕು? ನಿನ್ನ ಕಾಯ್ದೆ ಇಟ್ಕೊಂಡು ಏನ್ ಮಾಡೋಣ?" ಅಂದ್ರು. ಅವರು ಹೇಳಿದ್ದರಲ್ಲಿ ಅಜ್ಜಿಯ ವಿಷಯ ನಿಜವೇ. ಅಜ್ಜಿಯನ್ನ ನಾಲ್ಕು ಮನೆ ಆಚೆಗೆ ಕೈ ಹಿಡಿದು ಕರ್ಕೊಂಡು ಹೋಗ್ತಿದ್ಲು ಅಮ್ಮ. ಹುಡುಗನೂ ನನ್ನ ಮೇಲೆ ಬೇಜಾರು ಮಾಡ್ಕೊಂಡ. "ಏನೂ ಆಗಲ್ಲ ಸಾರ್, ಮೊನ್ನೇನೂ ಇಳ್ದಿದ್ದೆ" ಅಂದ. ಅವನ ಆ ದಿನದ ಸಂಪಾದನೆ ನಾನು ಕಳೀತಿದ್ದೆ. ಕೊನೆಗೆ ಇಬ್ಬರು ಹುಡುಗರ ಕೈಗೆ ಐನೂರು ಐನೂರು ಕೊಟ್ಟು ಕಳಿಸಿದೆ. ಬೀದಿ ತಿರುವಿನಲ್ಲಿ ಆಸಾಮಿ ಅದನ್ನ ಇಸ್ಕೊಂಡನೋ ಏನೋ. ಅವನು ಇಳೀಲಿಲ್ಲ ಅಷ್ಟೇ. ನಾಳೆ ಇನ್ನೊಂದು ಬೀದಿಯಲ್ಲಿ ಇಳೀತಾನೆ, ಅದೂ ನನಗೆ ಗೊತ್ತು.

ಸಹಾಯವಾಣಿಗೆ ಫೋನ್ ಮಾಡಿದೆ. ಮಧ್ಯಾಹ್ನ ಎರಡರ ಹೊತ್ತಿಗೆ ಹೀರೋ ಯಂತ್ರದ ಗಾಡಿ ಬಂತು, ಇಬ್ಬರು ಕೆಲಸದವರ ಜೊತೆ. ಅವರು ಓಣಿಯ ಎರಡೂ ತುದಿ ನೋಡ್ಕೊಂಡು ಬಂದು ತಲೆ ಕೆರ್ಕೊಂಡ್ರು. ಒಂದು ಕಡೆ ಬೀಗ. ಇನ್ನೊಂದು ಕಡೆಯಿಂದ ಪೈಪ್ ಎಳೆದ್ರೆ ನಮ್ಮ ಮ್ಯಾನ್‌ಹೋಲಿಗೆ ಎಟುಕಲ್ಲ. ಮನೆಯ ಪಕ್ಕದ ಸಂದಿಯಲ್ಲಿ ಬಾಡಿಗೆಯವರ ಮೆಟ್ಟಿಲು, ನೀರಿನ ಪಂಪು. ಹೀರೋ ಪೈಪು ತೋಳಿನಷ್ಟು ದಪ್ಪ, ಹಾಗೆಲ್ಲ ಬಗ್ಗಲ್ಲ.

ಇಬ್ಬರಲ್ಲಿ ಹಿರಿಯರು ನಮ್ಮ ಮನೆ ಮುಂದೆ ನಿಂತು ಒಳಗೆ ನೋಡಿದ್ರು. ನಮ್ಮದು ಹಳೇ ಮನೆ. ಮುಂದಿನ ಬಾಗಿಲಲ್ಲಿ ನಿಂತ್ರೆ ಜಗುಲಿ, ಹಜಾರ, ನಡುಮನೆ, ಹಿತ್ತಿಲ ಬಾಗಿಲು ಎಲ್ಲ ಒಂದೇ ಗೆರೆಯಲ್ಲಿ ಕಾಣತ್ತೆ.

"ಒಳಗಡೆಯಿಂದ ಪೈಪ್ ಬಿಡಬೋದು ಸಾರ್.. ನೀವು ಒಪ್ಪಿದ್ರೆ" ಅಂದ್ರು. ಹೇಳೋವಾಗ ಅಪ್ಪನ ಮುಖ ನೋಡಲಿಲ್ಲ, ಪೈಪ್ ನೋಡ್ತಿದ್ರು.

ಅಪ್ಪ ಏನೂ ಮಾತಾಡಲಿಲ್ಲ. ಒಂದು ನಿಮಿಷ ಆದ ಮೇಲೆ ಹಜಾರದ ಕುರ್ಚಿ ಎತ್ತಿ ಪಕ್ಕಕ್ಕಿಟ್ರು. ಅದೇ ಒಪ್ಪಿಗೆ. ಅಮ್ಮ ಓಡಿ ಹೋಗಿ ದೇವರ ಮನೆ ಬಾಗಿಲು ಹಾಕಿದ್ಲು. ಹಳೇ ಬೆಡ್‌ಶೀಟು, ನ್ಯೂಸ್‌ಪೇಪರ್ ಹಾಸಿದ್ವಿ. ರಂಗೋಲಿ ದಾಟಿ, ಹೊಸಿಲು ದಾಟಿ, ಹಜಾರದ ಸೋಫಾ ಪಕ್ಕದಲ್ಲಿ, ತಾತನ ಫೋಟೋ ಕೆಳಗೆ, ನಡುಮನೆಯ ತೂಗುಮಂಚದ ಹತ್ರ ಆ ಪೈಪು ಮನೆಯೊಳಗೆ ಹರೀತು. ಅದರ ಹಿಂದೆ ಮುಂದೆ ಅವರಿಬ್ಬರೂ, ಬರಿಗಾಲಲ್ಲಿ. ಗಂಬೂಟ್ ಬಾಗಿಲ ಹೊರಗೆ ಬಿಟ್ಟು ಬಂದಿದ್ರು. ಹಾಕ್ಕೊಂಡೇ ಬನ್ನಿ ಅಂದ್ರೂ ಕೇಳಲಿಲ್ಲ. ಹಿತ್ತಿಲಿಗೆ ಹೋಗಿ ಮತ್ತೆ ಹಾಕ್ಕೊಂಡ್ರು.

ಮುಚ್ಚಳ ಎತ್ತೋಕೆ ನಾನೂ ಸಬ್ಬಲ್ ಹಿಡಿದೆ. ನಮ್ಮ ಬಾತ್‌ರೂಮ್ ಗೋಡೆಗೆ ತಾಗಿ ನನ್ನ ಬೆರಳಿನ ಚರ್ಮ ಕಿತ್ತು ಬಂತು. ಯಂತ್ರ ಶುರುವಾದಾಗ ಪೈಪು ಉಸಿರಾಡೋ ಹಾಗೆ ಉಬ್ಬಿ ತಗ್ಗೋದು ನಡುಮನೆಯಲ್ಲಿ ಕಾಣ್ತಿತ್ತು. ಅಜ್ಜಿ ತೂಗುಮಂಚದ ಮೇಲೆ ಕಾಲು ಮೇಲೆತ್ತಿಕೊಂಡು ಕೂತು ಅದನ್ನೇ ನೋಡ್ತಿದ್ರು. ಮೂಗಿಗೆ ಸೆರಗು ಇರಲಿಲ್ಲ. ಸಂಜೆ ಐದರ ಹೊತ್ತಿಗೆ ಗುಳುಗುಳು ಅಂತ ಸದ್ದಾಗಿ ನೀರು ಇಳೀತು. ನಾಲ್ಕೂ ಮನೆಯವರು ಹಿತ್ತಿಲಿಂದಲೇ "ಹೋಯ್ತು, ಹೋಯ್ತು" ಅಂತ ಕೂಗಿದ್ರು. ಒಳಗೆ ಏನು ಸಿಕ್ಕಿಕೊಂಡಿತ್ತು ಅಂತ ಕೇಳ್ತೀರಾ? ಯಾರೋ ಹಾಕಿದ್ದ ಪೂಜೆಯ ಹೂವಿನ ಪ್ಲಾಸ್ಟಿಕ್ ಚೀಲ, ಡೈಪರ್, ಸಿಮೆಂಟು ಗಟ್ಟಿಯಾದ ಹೆಂಟೆ.

ಕಾಫಿ ಕುಡಿದು ಹೋಗಿ ಅಂದೆ. ಅವರು ಕೈಕಾಲು ತೊಳೆದು ಜಗುಲಿಯ ಮೇಲೆ ಕೂತ್ರು. ಅಮ್ಮ ಕಾಫಿ ತಂದಳು. ಅವರಿಬ್ಬರಿಗೆ ಪೇಪರ್ ಲೋಟದಲ್ಲಿ, ನನಗೂ ಅಪ್ಪನಿಗೂ ಸ್ಟೀಲ್ ಲೋಟದಲ್ಲಿ. ಸತ್ಯನಾರಾಯಣ ಪೂಜೆಗೆ ತಂದಿದ್ದ ಪೇಪರ್ ಲೋಟದ ಪ್ಯಾಕೆಟ್ ಅಡುಗೆ ಮನೆಯಲ್ಲಿ ಮುಂದೇನೇ ಇತ್ತು, ನಲ್ಲಿ ನಿಲ್ಲಿಸಿದ್ರಿಂದ ತೊಳೆದ ಲೋಟಗಳೂ ಇರಲಿಲ್ಲ, ಇದೆಲ್ಲ ನಿಜ. ಅದಕ್ಕೇನಾ, ಇಲ್ಲಾ ಬೇರೆ ಯಾವುದಕ್ಕಾ ಅಂತ ನಾನು ಅಮ್ಮನ್ನ ಕೇಳಲಿಲ್ಲ. ನನ್ನ ಲೋಟ ಬದಲಾಯಿಸಿಕೊಳ್ಳಬಹುದಿತ್ತು. ಅದು ಹೊಳೆದಿದ್ದು ಅವರು ಹೋದ ಮೇಲೆ. ಹಿರಿಯರು ಕಾಫಿ ಮುಗಿಸಿ, ಎರಡೂ ಪೇಪರ್ ಲೋಟ ಒಂದರೊಳಗೊಂದು ಹಾಕಿ, ಮಡಿಚಿ, ತಮ್ಮ ಗಾಡಿಯಲ್ಲೇ ತಗೊಂಡು ಹೋದ್ರು.

ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಇದ್ದಕ್ಕಿದ್ದ ಹಾಗೆ ಅಂದ್ರು, "ಅರವತ್ತೈದು ವರ್ಷಕ್ಕೆ ಮುಂಬಾಗಿಲಿಂದ ಬಂದ್ರಲ್ಲೋ." ಬೇಜಾರಿಂದ ಅಂದ್ರೋ, ಆಶ್ಚರ್ಯದಿಂದ ಅಂದ್ರೋ ನನಗೆ ಗೊತ್ತಾಗಲಿಲ್ಲ. ಅಪ್ಪ ತಲೆ ಎತ್ತದೆ ಅನ್ನ ಕಲೆಸ್ತಿದ್ರು.

ಭಾನುವಾರ ಬೆಳಗ್ಗೆ ಬಸ್ಸಿಗೆ ಹೊರಡೋ ಮುಂಚೆ ನಾನು ಟೇಪ್ ತಗೊಂಡು ಹಿಂದೆ ಹೋಗಿ ಅಳೆದೆ. ಹತ್ತು ಅಡಿ ಇರಬೇಕಾದ ಕಡೆ ನಾಲ್ಕು ಅಡಿ ಎರಡು ಇಂಚು ಇದೆ. ನಮ್ಮ ಮೂರೂವರೆ ಅಡಿ ಒಡೆದು, ಬಾತ್‌ರೂಮನ್ನ ಹಿತ್ತಿಲೊಳಗೇ ಮತ್ತೆ ಕಟ್ಟೋದಕ್ಕೆ ಗಾರೆ ಕೆಲಸದವರ ಹತ್ರ ಲೆಕ್ಕ ಹಾಕಿಸಿದ್ದೀನಿ. ಒಂದು ಲಕ್ಷದ ನಲವತ್ತು ಸಾವಿರ ಅಂತ ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ಅದನ್ನ ಅಪ್ಪನಿಗೆ ಫಾರ್ವರ್ಡ್ ಮಾಡಿದೆ. ಎರಡು ನೀಲಿ ಗೆರೆ ಬಂದು ನಾಲ್ಕು ದಿನ ಆಯ್ತು. ಉತ್ತರ ಬಂದಿಲ್ಲ. ನಿನ್ನೆ ಫೋನಿನಲ್ಲಿ ಬೇರೆ ಎಲ್ಲ ಮಾತಾಡಿ, ಇಡೋ ಮುಂಚೆ ಒಂದೇ ಒಂದು ಕೇಳಿದ್ರು: "ಆ ಗೀಸರ್ ಹೊಸ ಗೋಡೆಗೆ ಆಗತ್ತೇನೋ?"